ಸೆರಗು ಮುಚ್ಚುವ ತೋಳು

ಮಾರೇನಹಳ್ಳಿಯ ಹನುಮಕ್ಕ ಹೊಲಿಗೆಯನ್ನು ಯಾರ ಬಳಿಯೂ ಕಲಿತವಳಲ್ಲ. ತನ್ನದೇ ಹಳೆಯ ರವಿಕೆಯೊಂದನ್ನು ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಮತ್ತೆ ಜೋಡಿಸಿ ಕಲಿತಳು. ಈಗ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ನು. ಕತ್ತರಿ ಹಿಡಿಯುವ ಮುಂಚೆ ಬಟ್ಟೆಯನ್ನೊಮ್ಮೆ ಕಣ್ಣಿಗೆ ಒತ್ತಿಕೊಳ್ಳುವುದು ಅವಳ ವಾಡಿಕೆ. ಕಲಿಯಲು ಬಂದವರಿಗೂ ಮೊದಲು ಅದನ್ನೇ ಹೇಳಿಕೊಡುತ್ತಾಳೆ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಕಲಾವತಿ ಬಂದಳು. ಇಳಕಲ್ ಕಡೆಯ ಹುಡುಗಿ, ಹೊಸಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಕಸೂತಿಯಲ್ಲಿ ಅವಳ ಕೈ ಬಲು ಚೆಂದ. ತೊಡಕು ಒಂದೇ, ರವಿಕೆಯ ಎಡ ಬಲ. "ಪ್ರಸಾದ ತಗೊಳ್ಳೋ ಕೈ ಯಾವುದೇ?" ಅಂದರೆ ತಟ್ಟನೆ ಬಲಗೈ ಚಾಚುತ್ತಿದ್ದಳು. ಆದರೆ ರವಿಕೆಯನ್ನು ಮುಂದೆ ಹರಡಿದರೆ ಅದು ಎದುರು ನಿಂತ ಮನುಷ್ಯರ ಹಾಗೆ. ಅವಳ ಬಲಕ್ಕಿರುವುದು ಅದರ ಎಡ. ಅಲ್ಲೇ ತಲೆ ಕೆಡುತ್ತಿತ್ತು.

ಅದಕ್ಕೇ ಹನುಮಕ್ಕ ಒಂದು ಗುರುತು ಹೇಳಿದ್ದಳು. "ಹಾಕ್ಕೊಳ್ಳೋ ಹೆಂಗಸನ್ನ ನೆನೆಸ್ಕೊ. ಸೆರಗು ಮುಚ್ಚೋ ತೋಳು ಎಡ. ಕಾಣೋ ತೋಳು ಬಲ. ಹೂವಿನ ಕೆಲಸ ಆ ಕಡೆಗೆ."

ಆಗ ಕೈಯಲ್ಲಿದ್ದದ್ದು ಕುರುಬರಹಳ್ಳಿಯ ರಮ್ಯಳ ಮದುವೆಯ ರವಿಕೆ. ಸೀರೆಯ ಜೊತೆಗೇ ನೇಯ್ದು ಬಂದ ಬಟ್ಟೆ, ಕೆಟ್ಟರೆ ಇನ್ನೊಂದಿಲ್ಲ. ಒಂದು ತೋಳಿಗೆ ಮಾತ್ರ ಜರಿದಾರದ ಕಮಲ. ಮುಹೂರ್ತಕ್ಕೆ ಎರಡೇ ದಿನ ಉಳಿದಿತ್ತು. ಹನುಮಕ್ಕ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಕಲಾವತಿ ಎರಡು ತೋಳನ್ನೂ ಕಚ್ಚಾ ಹೊಲಿಗೆ ಹಾಕಿ ಕೂರಿಸಿದ್ದಳು.

"ಕಮಲ ಎಡಕ್ಕೆ ಕೂತಿದೆಯಲ್ಲೇ."

"ಇಲ್ರಿ ಅಕ್ಕಾರ, ಸರಿ ಐತ್ರಿ. ಸೆರಗ ಬೀಳದ ಕಡೀಗೇ ಹಚ್ಚೀನಿ."

ಬೈಯಲು ಹೊರಟ ಹನುಮಕ್ಕ ತಲೆಯೆತ್ತಿ ನೋಡಿದಳು. ಹುಡುಗಿಯ ಮುಖದಲ್ಲಿ ಅಳುಕೇ ಇರಲಿಲ್ಲ.

"ನಿನ್ನ ವೇಲನ್ನೇ ಸೆರಗು ಮಾಡಿ ತೋರ್ಸು."

ಕಲಾವತಿ ವೇಲನ್ನು ತಲೆಯ ಮೇಲೆ ಹೊದ್ದು ಬಲ ಹೆಗಲ ಮೇಲೆ ಇಳಿಬಿಟ್ಟಳು. "ನಮ್ಮವ್ವ ಹಿಂಗ ಉಡ್ತಾಳ್ರಿ. ನಮ್ಮ ಓಣ್ಯಾಗ ದೊಡ್ಡೋರೆಲ್ಲಾ ಹಿಂಗ."

ಆ ಕಡೆಯ ಹೆಂಗಸರು ಬಲಕ್ಕೆ ಸೆರಗು ಹಾಕುವುದನ್ನು ಹನುಮಕ್ಕ ಬಸ್ಸಿನಲ್ಲಿ ಎಷ್ಟೋ ಸಲ ನೋಡಿದ್ದಳು. ಪಾಠ ಹೇಳುವಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ.

ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮುನಿತಾಯಮ್ಮ ತಲೆಯೆತ್ತದೆ ಅಂದಳು: "ತಾಳಿ ಕಟ್ಟೋನು ತೋಳು ನೋಡ್ಕೊಂಡು ಕಟ್ತಾನಾ? ಬಿಡ್ರೇ."

"ಅವನು ನೋಡಲ್ಲ, ಅವರಮ್ಮ ನೋಡ್ತಾಳೆ," ಎಂದಳು ಹನುಮಕ್ಕ. ಆಮೇಲೆ ಮೆಲ್ಲಗೆ ಕೇಳಿದಳು. "ಕಲಾವತಿ, ತೋಳಿನ ಮುಂಭಾಗ ಕತ್ತರಿಸಿಬಿಟ್ಯಾ?"

ತೋಳು ಕಂಕುಳಿಗೆ ಕೂರುವಲ್ಲಿ ಮುಂಭಾಗವನ್ನು ಅರ್ಧ ಬೆರಳಷ್ಟು ಹೆಚ್ಚಿಗೆ ಕತ್ತರಿಸಬೇಕು. ಅದಾಗಿದ್ದರೆ ಎಡದ ತೋಳು ಎಡಕ್ಕೇ ಸರಿ. ಬದಲಾಯಿಸಿದರೆ ಮದುಮಗಳು ಕೈ ಎತ್ತಿದಾಗಲೆಲ್ಲ ಎಳೆಯುತ್ತದೆ.

ರಮ್ಯಳ ಕಡೆಯವರ ಸೆರಗು ಎಡಕ್ಕೆ ಎಂಬುದು ಕಲಾವತಿಗೆ ಆಗಷ್ಟೇ ಹೊಳೆಯಿತು. "ಇಲ್ರಿ. ಅದಕ್ಕ ಧೈರ್ಯ ಸಾಲಲಿಲ್ಲ. ನೀವು ಬರ್ಲಿ ಅಂತ ಬಿಟ್ಟೀನಿ."

ಹನುಮಕ್ಕ ತೋಳನ್ನು ಬೆಳಕಿಗೆ ಹಿಡಿದು ಅಂಚನ್ನು ಬೆರಳಿನಿಂದ ಸವರಿದಳು. ಹಿಂದೆ ಮುಂದೆ ಒಂದೇ ಸಮ. ಕಮಲವೂ ನಟ್ಟನಡುವೆ. "ಸ್ವಾಮೀ" ಎಂದು ಕಣ್ಣು ಮುಚ್ಚಿದಳು.

"ತಪ್ಪು ನಂದು ಕಣೇ. ನಮ್ಮ ಸೆರಗನ್ನೇ ಎಲ್ಲಾ ಊರ ಸೆರಗು ಅಂದ್ಕೊಂಡೆ. ಇನ್ಮೇಲೆ ರವಿಕೆ ಬೆನ್ನನ್ನ ನಿನ್ನ ಕಡೆ ತಿರುಗಿಸಿ ಇಟ್ಕೊ. ಅದೂ ನೀನೂ ಒಂದೇ ಕಡೆ ಮುಖ ಮಾಡಿ ನಿಂತ ಹಾಗೆ. ಆಗ ನಿನ್ನ ಬಲವೇ ಅದರ ಬಲ."

ಕಲಾವತಿ ತಿರುಗಿಸಿಟ್ಟಳು. ಎರಡೂ ಕೈಯನ್ನು ಎರಡು ತೋಳಿನ ಮೇಲಿಟ್ಟು ನೋಡಿದಳು. "ಇಷ್ಟೇ ಐತೇನ್ರಿ," ಎಂದು ಕಣ್ಣೊರೆಸಿಕೊಂಡು ನಕ್ಕಳು.

ಕಚ್ಚಾ ದಾರ ಎಳೆದರೆ ಸಲೀಸಾಗಿ ಬಂತು. ಕಮಲ ಬಲಕ್ಕೆ ಹೋಯಿತು. ಮಧ್ಯಾಹ್ನ ಮೂರು ದಾಟಿತ್ತು. ಬೆಳಗ್ಗೆಯಿಂದ ಏನೂ ತಿಂದಿಲ್ಲವೆಂಬುದು ಹನುಮಕ್ಕನಿಗೆ ಆಗ ನೆನಪಾಗಿ, ಇಬ್ಬರಿಗೂ ತಟ್ಟೆ ಹಾಕಿದಳು.