ಸುಟ್ಟುಹೋದ ಹಲಗೆಯ ಭಾರ

ಕೇರಿಯವರೆಲ್ಲ ಆಕೆಯನ್ನು ಹಗುರಮ್ಮ ಎಂದೇ ಕರೆಯುತ್ತಿದ್ದರು. ಮೈಯಲ್ಲಿ ಹಗುರವೇನೂ ಇರಲಿಲ್ಲ. ದಪ್ಪ ಮೂಳೆಯ, ಅಗಲ ಹೆಜ್ಜೆಯ ಹೆಂಗಸು. ಭಾರ ಇಳಿಸುವುದು ಆಕೆಯ ಕಸುಬು. ಗಂಡ ತೀರಿಕೊಂಡ ಮೇಲೆ ಇದ್ದೊಬ್ಬ ಮಗಳನ್ನು ಆ ಕಸುಬಿನಲ್ಲೇ ಸಾಕಿ ಬೆಳೆಸಿದ್ದಳು. ಮಗಳಿಗೆ ಬೀದಿ ದೀಪ ಹಚ್ಚುವ ಕೆಲಸ ಸಿಕ್ಕಿತ್ತು. ಹೆಗಲ ಮೇಲೆ ಏಣಿ, ಕೈಯಲ್ಲಿ ಎಣ್ಣೆಯ ಡಬ್ಬ. ಅವಳು ನಡೆದದ್ದನ್ನು ಯಾರೂ ಕಂಡವರಿಲ್ಲ, ಯಾವಾಗಲೂ ಓಟವೇ.

ಭಾರ ಇಳಿಸುವುದೆಂದರೆ ಹೊರುವುದಲ್ಲ. ಹೊರುವುದಕ್ಕೆ ಆಳುಗಳಿದ್ದಾರೆ. ಒಂದು ವಸ್ತುವಿನಲ್ಲಿರುವ ಭಾರವನ್ನು ತೆಗೆದು ಇನ್ನೊಂದರಲ್ಲಿ ಇಡುವುದು ಹಗುರಮ್ಮನ ಕೆಲಸ. ಭಾರ ನೀರಿದ್ದ ಹಾಗೆ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಬಹುದು, ಇಲ್ಲವಾಗಿಸುವುದು ಯಾರಿಂದಲೂ ಆಗದು. ಅದಕ್ಕೇ ಪ್ರತಿ ಬೀದಿಯ ಕೊನೆಗೂ ಸೊಂಟದೆತ್ತರದ ಒಂದು ಹೊರೆಗಲ್ಲು ನೆಟ್ಟಿರುತ್ತದೆ. ಸಾಗಿಸಬೇಕಾದ ವಸ್ತುವನ್ನು ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿ, ಎರಡಕ್ಕೂ ನೆನೆಸಿದ ಸೆಣಬಿನ ಹಗ್ಗ ಕಟ್ಟಬೇಕು. ಎಡ ಅಂಗೈ ವಸ್ತುವಿನ ಮೇಲೆ, ಬಲ ಅಂಗೈ ಕಲ್ಲಿನ ಮೇಲೆ. ದೊಡ್ಡ ತುತ್ತು ಗಂಟಲಲ್ಲಿ ಇಳಿದ ಹಾಗೆ ಭಾರ ತೋಳಿನಿಂದ ಎದೆಗೆ ಬಂದು, ಆ ಕಡೆ ಇಳಿದು ಹೋಗುತ್ತದೆ. ಆಮೇಲೆ ಎಂಥ ಪೆಟ್ಟಿಗೆಯಾದರೂ ಒಣಗಿದ ಎಲೆ. ಆಳುಗಳು ಅದನ್ನು ಮೇಲಕ್ಕೊಯ್ದು ಇಳಿಸಿದ ಮೇಲೆ ಕಲ್ಲು ಮುಟ್ಟಿದರೆ ಸಾಕು, ಭಾರ ಹಗ್ಗದ ಗುಂಟ ಹತ್ತಿ ತನ್ನ ಮನೆ ಸೇರುತ್ತದೆ.

ಈ ಕೈ ಎಲ್ಲರಿಗೂ ಬರುವುದಿಲ್ಲ. ಬಂದವರೂ ಒಳಗಿನ ದಾರಿ ಖಾಲಿ ಇಟ್ಟುಕೊಳ್ಳಬೇಕು. ಕೊಳಾಯಿಯಲ್ಲಿ ಬೆಣಚುಕಲ್ಲು ಸಿಕ್ಕಿಕೊಂಡರೆ ನೀರು ಹೇಗೆ ನಿಲ್ಲುತ್ತದೋ ಹಾಗೆ, ತನ್ನ ಮೈಯದಲ್ಲದ ಭಾರ ಒಳಗೆ ಕೂತರೆ ಕೈ ಸತ್ತಂತೆ. ಬಸುರಿಯಾದಾಗ ಹಗುರಮ್ಮ ಕೆಲಸ ಬಿಟ್ಟು ಕೂತಿದ್ದಳು, ಹೆತ್ತ ಮೇಲೇ ಮತ್ತೆ ಹಗ್ಗ ಹಿಡಿದದ್ದು.

ಇನ್ನೆರಡು ಎಚ್ಚರಗಳಿವೆ. ಗಾಳಿ ಬೀಸುವಾಗ ದೊಡ್ಡ ವಸ್ತುವಿನ ಭಾರ ಇಳಿಸಬಾರದು. ಮತ್ತೆ, ಕೈಯಿಡುವ ಮೊದಲು ಕಲ್ಲನ್ನು ಸವರುತ್ತ ಒಂದು ಸುತ್ತು ಬರಬೇಕು. ಯಾಕೆಂದರೆ ಕಲ್ಲೂ ಜೀವವೂ ಒಂದಕ್ಕೊಂದು ತಾಗಿಕೊಂಡಿದ್ದರೆ ಭಾರ ಜೀವಕ್ಕೇ ಹೋಗುತ್ತದೆ. ಕಲ್ಲಿಗೊರಗಿ ಮಲಗಿದ ಬೆಕ್ಕು ಮತ್ತೆ ಏಳಲಾರದೆ ಹೋದದ್ದನ್ನು ಹಗುರಮ್ಮ ಚಿಕ್ಕಂದಿನಲ್ಲೇ ಕಂಡಿದ್ದಳು.

ಆ ದಿನ ಸಾಗಿಸಬೇಕಾಗಿದ್ದದ್ದು ದರ್ಜಿಯ ಹೊಸ ಬೀರು. ದರ್ಜಿಯ ಮನೆ ಮೇಲಿನ ಅಂತಸ್ತಿನಲ್ಲಿ. ಮೆಟ್ಟಿಲು ಗೋಡೆಯ ಹೊರಗೆ, ಬಯಲಿಗೆ. ಗಾಳಿ ಏಳುವುದರೊಳಗೆ ಮುಗಿಸಬೇಕೆಂದು ಆಳುಗಳ ಮೇಸ್ತ್ರಿಗೆ ಅವಸರ.

"ಏನಮ್ಮಾ, ಭಾರ ತೆಗೀತೀಯೋ, ಗಾಣದ ಎತ್ತಿನ ಹಾಗೆ ಸುತ್ತುತ್ತಾನೇ ಇರ್ತೀಯೋ?"

"ಗಾಣದ ಎತ್ತಿಗೆ ಕಣ್ಣು ಕಟ್ಟಿರ್ತಾರೆ ಕಣಪ್ಪ. ನನ್ನ ಕಣ್ಣು ತೆರೆದಿರೋದಕ್ಕೇ ನಿನ್ನ ಆಳುಗಳ ಬೆನ್ನು ನೆಟ್ಟಗಿರೋದು."

ಆಳುಗಳು ನಕ್ಕರು. ಸುತ್ತು ಮುಗಿಸಿ ಕೈಯಿಡುವಷ್ಟರಲ್ಲಿ ಬೀರುವಿನ ಕಾಲಿಗೆ ಕಟ್ಟಿದ್ದ ಗಂಟು ಸಡಿಲಾಗಿದ್ದು ಕಂಡಿತು. ಕೂತು, ಬಿಚ್ಚಿ, ಹೊಸದಾಗಿ ಬಿಗಿದಳು. ಅಷ್ಟು ಹೊತ್ತಿಗೆ ಅಮ್ಮನ ಊಟದ ಡಬ್ಬಿ ತಂದ ಮಗಳು, ಕೆಲಸದ ನಡುವೆ ಮಾತಾಡಿಸಬಾರದೆಂದು ಕಲ್ಲಿನ ಆಚೆ ನೆರಳಲ್ಲಿ ಒರಗಿ ಕೂತಿದ್ದಳು. ಹಗುರಮ್ಮ ಎದ್ದವಳೇ ಎರಡೂ ಕೈ ಇಟ್ಟುಬಿಟ್ಟಳು. ಸುತ್ತು ಬಂದಾಗಿದೆ ಎಂದೇ ಅವಳ ಲೆಕ್ಕ.

ಆಳುಗಳು ಬೀರುವನ್ನೆತ್ತಿಕೊಂಡು ಮೆಟ್ಟಿಲು ಹತ್ತಿದರು. ಮಗಳಿಗೆ ಕೂಗಲು ಉಸಿರೇ ಬರಲಿಲ್ಲ. ಊಟದ ಡಬ್ಬಿ ಉರುಳಿಕೊಂಡು ಕಲ್ಲಿನ ಈಚೆಗೆ ಬಂತು. ಹಗುರಮ್ಮ ಬಗ್ಗಿ ನೋಡಿದಳು. ಚೀರಿದಳು. ಆ ಚೀತ್ಕಾರಕ್ಕೆ ಮೆಟ್ಟಿಲ ತುದಿಯಲ್ಲಿದ್ದ ಆಳುಗಳು ಬೆಚ್ಚಿ ಕೈಬಿಟ್ಟರು. ಆಗ ಬೀಸಿದ ಗಾಳಿ ಬೀರುವನ್ನು ಎತ್ತಿಕೊಂಡಿತು. ಹಗ್ಗ ಪಟ್ಟನೆ ಹರಿಯಿತು. ಬೀರು ಮನೆಗಳ ಮಾಡುಗಳ ಮೇಲೆ ತೇಲಿ, ಗಿರಣಿಯ ಚಿಮಣಿಗೆ ಬಡಿದು, ಹಲಗೆ ಹಲಗೆಯಾಗಿ ಬಿಚ್ಚಿಕೊಂಡು ಊರ ಮೇಲೆಲ್ಲ ಚದುರಿಹೋಯಿತು.

ಜೀವಕ್ಕೆ ಹೋದ ಭಾರ ಮೈಯೆಲ್ಲ ಹರಡಿಕೊಳ್ಳುತ್ತದೆ. ಮೂಳೆ ಮುರಿಯುವುದಿಲ್ಲ, ಮೈ ಏಳುವುದಿಲ್ಲ, ಅಷ್ಟೆ. ಆಳುಗಳೆಲ್ಲ ಸೇರಿದರೂ ಹುಡುಗಿಯನ್ನು ಅಲುಗಿಸಲಾಗಲಿಲ್ಲ. ಇದ್ದಲ್ಲೇ ಟಾರ್ಪಾಲು ಕಟ್ಟಿ, ತಲೆಯ ಕೆಳಗೆ ಬಟ್ಟೆ ಸಿಕ್ಕಿಸಿದರು.

"ಅಮ್ಮಾ, ನಾನು ಏಳ್ತೀನಾ?" ಎಂದಳು ಮಗಳು. ತುಟಿ ಅಲುಗಿಸುವುದೂ ಅವಳಿಗೆ ಕಷ್ಟವಾಗಿತ್ತು.

"ಒಡೆದ ವಸ್ತುವಿನ ಒಂದೊಂದು ಚೂರೂ ತನ್ನ ಪಾಲು ವಾಪಸ್ ತಗೊಳ್ಳತ್ತೆ. ಚೂರು ಸಿಕ್ಕಿದಷ್ಟೂ ಏಳ್ತೀಯ."

ಊರು ಹುಡುಕಲು ಹೊರಟಿತು. ಭಾರವಿಲ್ಲದ ಹಲಗೆಗಳು ಎಲ್ಲೆಂದರಲ್ಲಿ ಸಿಕ್ಕಿಕೊಂಡಿದ್ದವು: ಸೂರಿನ ಕೆಳಗೆ, ಮರದ ಕೊಂಬೆಯಲ್ಲಿ. ಬೀರುವಿನ ಒಂದು ಬಾಗಿಲು ಬಟ್ಟೆ ಒಗೆಯುವವಳ ಒದ್ದೆ ದುಪ್ಪಟಿಗೆ ಅಂಟಿಕೊಂಡಿತ್ತು. ದರ್ಜಿ ತಾನೇ ಹೆಂಚು ಹತ್ತಿದ. "ಬಿದ್ದೀಯಾ ಮಾರಾಯ, ಸೂಜಿ ಹಿಡಿಯೋ ಕೈ" ಎಂದು ಮೇಸ್ತ್ರಿ ಕೂಗಿದರೆ, "ಬಿದ್ರೆ ನೀನೇ ಹೊಲಿ" ಎಂದು ಮೇಲಿಂದಲೇ ಹೇಳಿದ. ತನ್ನ ಬೀರುವಿನ ಮಾತನ್ನು ಅವನು ಎತ್ತಲೇ ಇಲ್ಲ.

ತಂದ ಒಂದೊಂದು ಚೂರನ್ನೂ ಹಗುರಮ್ಮ ಹಗ್ಗದಿಂದ ಮಗಳ ಮಣಿಕಟ್ಟಿಗೆ ಕಟ್ಟಿ ಕೈಯಿಟ್ಟಳು. ಭಾರ ಹೋದ ಹಾಗೆಲ್ಲ ಚೂರು ದೊಪ್ಪೆಂದು ನೆಲಕ್ಕೆ ಕೂತುಕೊಳ್ಳುತ್ತಿತ್ತು. ಹುಡುಗಿಯ ಬೆರಳು ಮೊದಲು ಆಡಿದವು. ಆಮೇಲೆ ಕತ್ತೆತ್ತಿದಳು, ಕೂತಳು, ಅಮ್ಮನ ಹೆಗಲು ಹಿಡಿದು ನಿಂತಳು. ದರ್ಜಿ ಕತ್ತರಿಸಿದ ಬಟ್ಟೆ ಜೋಡಿಸುವ ಹಾಗೆ ಚೂರುಗಳನ್ನು ನೆಲದ ಮೇಲೆ ಹರವಿ ನೋಡಿ, "ಎಲ್ಲಾ ಇದೆ. ತಳದ ಹಲಗೆ ಒಂದಿಲ್ಲ" ಎಂದ.

ಅದನ್ನು ತಂದವನು ಬೇಕರಿಯವನು. ತಗಡಿನ ತಟ್ಟೆಯಲ್ಲಿ ಬೂದಿ ತಂದಿದ್ದ.

"ಅಮ್ಮಾ, ನಿಮ್ಮದು ಅಂತ ಗೊತ್ತಿರಲಿಲ್ಲ. ಒಲೆ ಪಕ್ಕ ಬಿದ್ದಿತ್ತು. ಎತ್ತಿದ್ರೆ ಹತ್ತಿಯ ಹಾಗಿತ್ತು. ಚೆನ್ನಾಗಿ ಒಣಗಿದ ಸೌದೆ ಅಂತ ಹಾಕಿಬಿಟ್ಟೆ."

ಹಗುರಮ್ಮ ತಟ್ಟೆಗೆ ಹಗ್ಗ ಕಟ್ಟಿದಳು. ಬೂದಿ ತನ್ನ ಪಾಲು ತೆಗೆದುಕೊಂಡಿತು. ಅದು ಒಂದು ಚಿಟಿಕೆಯಷ್ಟೇ. ಉಳಿದದ್ದೆಲ್ಲ ಹೊಗೆಯಾಗಿ ಹೋಗಿತ್ತು. ಹೊಗೆಗೆ ಹಗ್ಗ ಕಟ್ಟುವುದು ಯಾರಿಂದಲೂ ಆಗುವುದಿಲ್ಲ. ಮನೆಯಿಲ್ಲದ ಭಾರ ಮತ್ತೆ ಕಲ್ಲಿಗೂ ಇಳಿಯುವುದಿಲ್ಲ. ಒಮ್ಮೆ ಜೀವದ ರುಚಿ ಕಂಡದ್ದು ಜೀವದಲ್ಲೇ ಇರುತ್ತದೆ.

ಮಗಳು ಮನೆಗೆ ನಡೆದುಕೊಂಡೇ ಬಂದಳು. ಒದ್ದೆ ಮರಳಿನಲ್ಲಿ ನಡೆದ ಹಾಗೆ, ಗೋಡೆ ಹಿಡಿದು. ಮನೆಯ ಮಂಚ ಅವಳ ಕೆಳಗೆ ಕಿರುಗುಟ್ಟುತ್ತಿತ್ತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಏಣಿ ತೆಗೆದು ಅಂಗಳದ ಗೋಡೆಗೆ ಇಟ್ಟು ಕಾಲಿಟ್ಟಳು. ಮೆಟ್ಟಿಲು ಮುರಿಯಿತು. ಇನ್ನೊಂದರ ಮೇಲಿಟ್ಟಳು, ಅದೂ ಮುರಿಯಿತು. ಏಣಿಯನ್ನು ಒಳಗೆ ಒಯ್ದು ಮೂಲೆಯಲ್ಲಿ ನಿಲ್ಲಿಸಿ ಮುಖ ತಿರುಗಿಸಿದಳು.

"ನನಗೆ ಕೊಡು" ಎಂದಳು ಹಗುರಮ್ಮ. "ಜೀವದಿಂದ ಜೀವಕ್ಕೆ ಹೋಗತ್ತೆ."

"ಕೊಟ್ರೆ ನಿನ್ನ ಕೈ ಸಾಯತ್ತೆ."

"ಸತ್ರೆ ಸಾಯಲಿ. ಉಣ್ಣೋದಕ್ಕೆ ಬೇರೆ ಕೈ ಬೇಕಾ?"

"ಆ ಕೈ ಇಲ್ಲದೆ ನೀನು ಏನಮ್ಮಾ? ನಾನು ಕೊಡಲ್ಲ."

ಕೊಡುವವರು ಮನಸ್ಸಿನಿಂದ ಬಿಡದಿದ್ದರೆ ಭಾರ ಅಲುಗುವುದಿಲ್ಲ. ಇದು ಮೇಸ್ತ್ರಿಗೂ ಗೊತ್ತು, ಮಗುವಿಗೂ ಗೊತ್ತು. ಹಗುರಮ್ಮ ಬೇಡಿದಳು, ಗದರಿದಳು, ಊಟ ಬಿಟ್ಟು ಮಲಗಿದಳು. ಮಗಳು ಜಗ್ಗಲಿಲ್ಲ. "ಹಟದಲ್ಲಿ ಅಪ್ಪನ ಪಡಿಯಚ್ಚು" ಎಂದು ಗೊಣಗಿಕೊಂಡು ತಾಯಿ ಕಲ್ಲಿನ ಬಳಿಗೆ ಕೆಲಸಕ್ಕೆ ಹೋದಳು. ಹೋದಲ್ಲೆಲ್ಲ ಕಲ್ಲನ್ನು ಸುತ್ತಿದ್ದೇ ಸುತ್ತಿದ್ದು. ಯಾರೂ ಅವಸರ ಮಾಡಲಿಲ್ಲ.

ಮಗಳು ಏಣಿ ಹತ್ತುವಂತಾಗುವವರೆಗೆ ಎಂದು ಅವಳ ಬೀದಿಗಳಿಗೆ ಬೇರೆ ಹೆಂಗಸೊಬ್ಬಳು ಬಂದಳು. ಮುಸ್ಸಂಜೆ ಹೊತ್ತಿಗೆ ಆಕೆ ದೀಪ ಹಚ್ಚುತ್ತ ಹೋಗುವುದು ಇವರ ಕಿಟಕಿಗೆ ಕಾಣುತ್ತಿತ್ತು. ಮಗಳು ಆ ಹೊತ್ತಿಗೆ ಸರಿಯಾಗಿ ಕಿಟಕಿಗೆ ಬೆನ್ನು ಹಾಕಿ ಕಾಳು ಆರಿಸಲು ಕೂರುತ್ತಿದ್ದಳು. ಒಂದು ದಿನ ಮೂಲೆಯ ಕಂಬದ ದೀಪ ಹತ್ತಲಿಲ್ಲ. ಬತ್ತಿ ಎತ್ತರಿಸದೆ ಆ ಹೆಂಗಸು ಬೆಂಕಿ ತಾಗಿಸುತ್ತಲೇ ಇದ್ದಳು. ಎದುರಿನ ಗೋಡೆಯ ಮೇಲೆ ಬೆಳಕು ಬೀಳದಿರುವುದನ್ನು ಮಗಳು ನೋಡಿದಳು. ತಿರುಗಿ, "ಬತ್ತಿ ಮೇಲೆತ್ತಿ!" ಎಂದು ಕೂಗಿದಳು. ಆಕೆಗೆ ಕೇಳಿಸಲಿಲ್ಲ. ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ ಆಕೆ ಕಂಬ ಬಿಟ್ಟು ಮುಂದೆ ಹೋಗಿಯಾಗಿತ್ತು. ಹುಡುಗಿ ಹೊಸ್ತಿಲಲ್ಲೇ ಕೂತು ಮುಖ ಮುಚ್ಚಿಕೊಂಡಳು.

"ಅಮ್ಮಾ, ನನಗೆ ಏಣಿ ಬೇಕು. ಬೇಕು ಅನ್ನೋದಕ್ಕೆ ನಾಚಿಕೆ ಆಗ್ತಿದೆ. ಆದ್ರೂ ಬೇಕು."

"ನಾಚಿಕೆ ಯಾಕೆ? ಮಗಳಲ್ಲದೆ ಇನ್ಯಾರು ಕೇಳಬೇಕು ನನ್ನನ್ನ?"

ಇಬ್ಬರೂ ಹೊಸ್ತಿಲ ಮೇಲೆ ಎದುರುಬದುರು ಕೂತರು. ಹಗ್ಗ ಬೇಕಿರಲಿಲ್ಲ. ಅಂಗೈಗೆ ಅಂಗೈ ಕೂಡಿಸಿದರು. ಮಗಳು ಬಹಳ ಹೊತ್ತು ಭಾರ ಬಿಡಲಿಲ್ಲ. ಆಮೇಲೆ ಒಂದು ನಿಟ್ಟುಸಿರು ಬಿಟ್ಟಳು. ಹಗುರಮ್ಮನ ತೋಳಿನಲ್ಲಿ ಭಾರ ಇಳಿಯಿತು, ಎದೆಗೆ ಬಂತು. ಎಷ್ಟೋ ವರ್ಷಗಳ ಅಭ್ಯಾಸದಿಂದ ಅವಳ ಮೈ ಅದು ಇನ್ನೊಂದು ಕಡೆಗೆ ದಾಟಿಹೋಗಲೆಂದು ಕಾಯಿತು. ಅದು ದಾಟಲಿಲ್ಲ. ಅಲ್ಲೇ ಕೂತಿತು.

ಮಗಳು ಎದ್ದು ನಿಂತು ಒಂದು ಕಾಲೆತ್ತಿದಳು, ಇನ್ನೊಂದು ಕಾಲೆತ್ತಿದಳು. ಅಮ್ಮನ ಮುಖ ನೋಡಿ ಅಳಲೂ ಆಗದೆ ನಗಲೂ ಆಗದೆ ನಿಂತಳು.

"ನೋಡ್ತಾ ಏನು ನಿಂತೆ? ಮೂಲೆಯ ದೀಪ ಹಚ್ಚಿ ಬಾ."

"ಏಣಿಯ ಮೆಟ್ಟಿಲು ಮುರಿದಿದೆ."

"ಮಿಕ್ಕದ್ದರ ಮೇಲೆ ಕಾಲಿಡು. ನಿನಗೆ ಅಷ್ಟು ಸಾಕು."

ಮರುದಿನ ಹಗುರಮ್ಮ ಹೊರೆಗಲ್ಲಿನ ಮೇಲೆ ಕೈಯಿಟ್ಟಳು. ಕಲ್ಲು ತಣ್ಣಗಿತ್ತು, ಅಷ್ಟೆ. ಮೇಸ್ತ್ರಿ ನೋಡಿಯೂ ನೋಡದವನ ಹಾಗೆ, "ಹಗ್ಗ ನೆನೆಸಿ ಗಂಟು ನೋಡೋರು ಒಬ್ಬರು ಬೇಕಾಗಿತ್ತಮ್ಮ" ಎಂದ. ಆಕೆ ಕೂತು ಹಗ್ಗ ಬಿಡಿಸತೊಡಗಿದಳು.

ಸಂಜೆ ಮನೆಗೆ ಹೊರಟಾಗ ಮಗಳು ಎದುರಾದಳು. ಹೊಸ ಏಣಿ ಹೆಗಲ ಮೇಲಿತ್ತು. ಒಂದಷ್ಟು ದೂರ ಅಮ್ಮನ ಜೊತೆ ಹೆಜ್ಜೆ ಹಾಕಿದಳು. ಹಗುರಮ್ಮನ ಒಂದೊಂದು ಹೆಜ್ಜೆಗೂ ಅವಳು ನಿಂತು ನಿಂತು ಕಾಯಬೇಕಾಗಿತ್ತು.

"ಹೊತ್ತಾಯ್ತು, ನೀನು ನಡಿ" ಎಂದಳು ತಾಯಿ.

"ನೀನು ಒಬ್ಬಳೇ..."

"ದಾರಿ ಎಲ್ಲಿಗೂ ಓಡಿಹೋಗಲ್ಲ. ನಡಿ."

ಮಗಳು ನಾಲ್ಕು ಹೆಜ್ಜೆ ನಡೆದಳು. ಆಮೇಲೆ ಓಡಿದಳು. ಒಂದಾದ ಮೇಲೊಂದು ದೀಪ ಹತ್ತುತ್ತ ಹೋಯಿತು. ಹಗುರಮ್ಮ ಒಂದು ಕಂಬಕ್ಕೆ ಕೈಯೂರಿ ಉಸಿರು ಸುಧಾರಿಸಿಕೊಂಡು, ಮುಂದಿನ ಬೆಳಕಿನ ಕಡೆಗೆ ಕಾಲೆತ್ತಿ ಇಟ್ಟಳು.