ಆರಾದ ಮೇಲೆ ಮತ್ತೊಂದು

ಶಿಗ್ಗಾಂವಿಯ ಶಾಲೆಯವರು ‘ತಿಳಿಸುತ್ತೇವೆ’ ಎಂದು ಸುಮ್ಮನಾದರು. ಸವಣೂರಿನವರು ಅಷ್ಟನ್ನೂ ಹೇಳಲಿಲ್ಲ. ಬಿ.ಎಡ್. ಮುಗಿಸಿ ತಿಳವಳ್ಳಿಯ ಮನೆಯಲ್ಲಿ ಕೂತಿದ್ದ ನನಗೆ ಹಿರೇಕೆರೂರಿನ ಒಂದು ಹೈಸ್ಕೂಲಿನಿಂದ ಪಾಠ ಮಾಡಿ ತೋರಿಸಲು ಕರೆ ಬಂತು. ಈ ಸಲವೂ ಕೆಲಸ ಸಿಗದಿದ್ದರೆ ಗಣಿತದ ಸಹವಾಸವೇ ಬೇಡ ಎಂದು ನಿರ್ಧರಿಸಿಬಿಟ್ಟೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಪುಸ್ತಕದ ಪಾಠ ಬಿಟ್ಟು ನನಗಿಷ್ಟವಾದ ಒಂದು ಸಂಖ್ಯೆಯನ್ನೇ ಹಿಡಿದೆ: 1,42,857. ಹಿಂದಿನ ದಿನ ಪಡಸಾಲೆಯಲ್ಲಿ ಅಕ್ಕಿ ಅಳೆಯುತ್ತಿದ್ದ ಅವ್ವನ ಮುಂದೆ ತಾಲೀಮು. ಎರಡರಿಂದ ಗುಣಿಸಿದರೆ 2,85,714. ಮೂರರಿಂದ 4,28,571. ಆರರವರೆಗೂ ಅವೇ ಅಂಕಿಗಳು, ಅದೇ ಸರದಿ, ಶುರುವಾಗುವ ಜಾಗ ಮಾತ್ರ ಬೇರೆ.

“ಕೈ ಹಿಡ್ಕೊಂಡು ಸುತ್ತು ಹಾಕೋ ಹುಡುಗ್ಯಾರಂಗ ಅದಾವಲ್ಲ,” ಎಂದಳು ಅವ್ವ. “ಮುಂದ?”

“ಏಳರಿಂದ...” ಎನ್ನುವಷ್ಟರಲ್ಲಿ ಸೇರು ಎತ್ತಿ ಗದರಿದಳು. “ಅಕ್ಕಿ ಅಳಿಯೋ ಮುಂದ ಏಳು ಅನಬ್ಯಾಡ! ಮನ್ಯಾನ ಲಕ್ಷ್ಮಿ ಎದ್ದು ಹೊಕ್ಕಾಳ. ಮತ್ತೊಂದು ಅನ್ನು.”

ನಮ್ಮ ಕಡೆ ಕಾಳು ಅಳೆಯುವಾಗ ಒಂದಕ್ಕೆ ಲಾಭ, ಏಳಕ್ಕೆ ಮತ್ತೊಂದು ಎನ್ನುವುದು ರೂಢಿ. ಅವ್ವನ ಅಳತೆ ಮುಗಿಯುವವರೆಗೂ ನಾನು ಮತ್ತೊಂದು, ಮತ್ತೊಂದು ಎನ್ನುತ್ತಲೇ ಪಾಠ ಒಪ್ಪಿಸಿದೆ.

ಮರುದಿನ ಎಂಟನೆಯ ತರಗತಿ. ಕೊನೆಯ ಬೆಂಚಿನಲ್ಲಿ ಹೆಡ್‌ಮಾಸ್ತರರು ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಆರರವರೆಗೆ ಚೆನ್ನಾಗಿಯೇ ಹೋಯಿತು. “ಈಗ ಮತ್ತೊಂದರಿಂದ ಗುಣಿಸೋಣ,” ಅಂದುಬಿಟ್ಟೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅವರ ಮನೆಗಳಲ್ಲೂ ಕಾಳು ಅಳೆಯುತ್ತಾರಲ್ಲ! ಈ ಕೆಲಸವೂ ಹೋಯಿತು ಎಂದುಕೊಂಡೇ ಉತ್ತರ ಬರೆದೆ: 9,99,999. ನಗು ನಿಂತಿತು.

“ಟೀಚರ್, ಯಾಕ್ರಿ ಹಂಗ?” ಎಂದಳು ಮುಂದಿನ ಬೆಂಚಿನ ಹುಡುಗಿ.

ಒಂದರ ಮುಂದೆ ಸೊನ್ನೆ ಇಡುತ್ತಾ ಏಳರಿಂದ ಭಾಗಿಸಲು ಹೇಳಿದೆ. ಭಾಗಲಬ್ಧದಲ್ಲಿ ನಮ್ಮ ಸಂಖ್ಯೆಯೇ ಒಂದೊಂದು ಅಂಕಿಯಾಗಿ ಇಳಿಯತೊಡಗಿತು. ಶೇಷ ಮೂರು, ಎರಡು, ಆರು, ನಾಲ್ಕು, ಐದು. ಆಮೇಲೆ?

“ಮತ್ತ ಒಂದು!” ಎಂದು ಕೂಗಿದ ಮಕ್ಕಳು ತಾವೇ ಬೆರಗಾದರು. ನಾನೂ ಬೆರಗಾದೆ. ಏಳರಿಂದ ಭಾಗಿಸಿದಾಗ, ಸೊನ್ನೆ ಬಿಟ್ಟರೆ, ಉಳಿಯಬಹುದಾದ ಶೇಷಗಳು ಆರೇ ಆರು. ಆರೂ ಬಂದು ಹೋದರೆ ಅದೇ ಸುತ್ತು ತಿರುಗಿ ಶುರು. ಒಂದರ ಮುಂದೆ ಆರು ಸೊನ್ನೆ ಇಟ್ಟಾಗ ಆದ ಹತ್ತು ಲಕ್ಷದಿಂದ ಆ ಉಳಿದ ಒಂದನ್ನು ಕಳೆದರೆ ಸಾಲಾಗಿ ಒಂಬತ್ತುಗಳು. ಇಷ್ಟು ದಿನ ಗೊತ್ತಿದ್ದ ಲೆಕ್ಕ ಅವತ್ತು ಹೊಸದಾಗಿ ಕಂಡು, ಭಯ ಮರೆತೇಹೋಯಿತು.

ಗಂಟೆ ಹೊಡೆಯಿತು. ಹೆಡ್‌ಮಾಸ್ತರರು ಬೋರ್ಡಿನ ಹತ್ತಿರ ಬಂದು ನಿಂತು, ಚಾಕ್‌ಪೀಸ್ ಎತ್ತಿಕೊಂಡರು.

“ಹದಿಮೂರಕ್ಕೂ ಹಿಂಗ ಆಕ್ಕೈತೇನ್ರಿ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಗೊತ್ತಿಲ್ರಿ ಸರ್. ಮಾಡಿ ನೋಡಬೇಕು.”

“ಹಂಗಾರ ಸೋಮವಾರ ಬರ್ರಿ,” ಎಂದು ಚಾಕ್‌ಪೀಸನ್ನು ನನ್ನ ಕೈಗಿಟ್ಟರು. “ಈ ಹುಡುಗರ ಜೋಡಿನ ಮಾಡಿ ನೋಡ್ರಿ.”