ಎರಡನೆಯ ಓದುಗ ಯಾರು?

ಅಮೆರಿಕದ ನೆಬ್ರಾಸ್ಕ ರಾಜ್ಯದ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ ಲೋರ್ನಾ ವೆಸ್ಟರ್ ಅಮೆರಿಕನ್ ಸಾಹಿತ್ಯ ಪಾಠ ಮಾಡುತ್ತಿದ್ದಳು. ಇದು ಆರನೇ ವರ್ಷ. ವಿಭಾಗದವರು ಮತ ಹಾಕಿ ಕೆಲಸ ಖಾಯಂ ಮಾಡಬೇಕು, ಇಲ್ಲವೇ ಅವಳು ಗಂಟುಮೂಟೆ ಕಟ್ಟಬೇಕು. ಮಾಂಸದ ಕಾರ್ಖಾನೆಯ ಹೆಣ್ಣಾಳುಗಳು ಹಳೆಯ ಪತ್ರಿಕೆಗಳಲ್ಲಿ ಬರೆದ ಪದ್ಯಗಳನ್ನು ಹುಡುಕಿ ತೆಗೆದು, ಟಿಪ್ಪಣಿ ಹಾಕಿ ಅವಳು ಪುಸ್ತಕ ಮಾಡಿದ್ದಳು. ಆದರೆ ವಿಭಾಗದ ಮಹನೀಯರ ಪ್ರಕಾರ ಬೇರೆಯವರ ಬರಹದ ಸಂಪಾದನೆ ಪುಸ್ತಕವೇ ಅಲ್ಲ. ಪದ್ಯ ಹುಡುಕಿದವರನ್ನು ಬಿಟ್ಟು ಪದ್ಯದ ಮೇಲೆ ಸಿದ್ಧಾಂತ ಹೇರಿದವರಿಗೇ ಅಲ್ಲಿ ಮಣೆ.

ಹಸ್ತಪ್ರತಿ ಓದಿ ನೋಡಲು ಪ್ರಕಾಶನದವರು ನೇಮಿಸಿದ್ದ ಇಬ್ಬರು ಅನಾಮಧೇಯ ಓದುಗರ ಅಭಿಪ್ರಾಯ ಬಂತು. ಮೊದಲನೆಯವರು ಹೊಗಳಿದ್ದರು. ಎರಡನೆಯವರು, ಆರ್ಲೋ ಡಿಲ್‌ವರ್ತ್ ಅವರ ಪುಸ್ತಕಗಳನ್ನು ಓದದೆ ಈ ವಿಷಯ ಮುಟ್ಟಬಾರದಿತ್ತು ಎಂದು ಕುಟುಕಿದ್ದರು. ಡಿಲ್‌ವರ್ತ್ ಅಂದರೆ ಎದುರು ಕೋಣೆಯ ಮುದಿ ಪ್ರಾಧ್ಯಾಪಕರು.

"ಯಾರ ಪುಸ್ತಕ ಓದು ಅಂತಾರೋ, ಈ ಅಭಿಪ್ರಾಯ ಬರೆದೋರೂ ಅವರೇ! ಇಷ್ಟೂ ಗೊತ್ತಾಗಲ್ವೇನೇ ನಿಂಗೆ?" ಎಂದಳು ಸಹೋದ್ಯೋಗಿ ಪ್ರಿಸಿಲ್ಲಾ, ಟ್ಯೂನಾ ಸ್ಯಾಂಡ್‌ವಿಚ್ ಕಚ್ಚುತ್ತ. ಈ ಕಸುಬಿನಲ್ಲಿ ಎಲ್ಲರೂ ಹೀಗೆಯೇ ಪತ್ತೇದಾರಿಕೆ ಮಾಡುವುದು.

ಅಂದಿನಿಂದ ಲೋರ್ನಾಗೆ ಮುದುಕರ ಪ್ರತಿ ನಡೆಯೂ ಅನುಮಾನ. ಕಾಫಿ ತಂದುಕೊಟ್ಟರೆ ಏನೋ ಮಸಲತ್ತು. "ಪುಸ್ತಕ ಎಲ್ಲಿಗೆ ಬಂತಮ್ಮ?" ಎಂದರೆ ಏನೂ ಅರಿಯದವರ ನಾಟಕ. ಬಾಗಿಲು ಹಾಕಿಕೊಂಡರೆ ಒಳಗೆ ತನ್ನದೇ ಚಾಡಿ. ಮತಕ್ಕೆ ಮುಂಚೆ, ಯಾರಾದರೂ ಒಬ್ಬರನ್ನು ಸಭೆಯಿಂದ ಹೊರಗಿಡಿ ಎಂದು ಕೇಳುವ ಹಕ್ಕು ಅವಳಿಗಿತ್ತು. ಡಿಲ್‌ವರ್ತ್ ಹೆಸರು ಕೊಟ್ಟಳು. ಮುಳ್ಳು ಕಿತ್ತಷ್ಟು ಹಾಯೆನಿಸಿತು.

ಒಂದು ಮತದಿಂದ ಸೋತಳು.

ತಮ್ಮನ್ನು ಹೊರಗಿಟ್ಟವಳು ಯಾರೆಂದು ವಿಭಾಗದ ಮುಖ್ಯಸ್ಥರಿಂದ ತಿಳಿದ ಡಿಲ್‌ವರ್ತ್, ಮಾರನೆಯ ದಿನ ಅವಳ ಬಾಗಿಲಲ್ಲಿ ನಿಂತರು. "ನಾನೇನಮ್ಮ ಮಾಡಿದ್ದೆ ನಿಂಗೆ?"

ಅವಳು ಕಂಪ್ಯೂಟರಿನಲ್ಲಿ ಆ ಅಭಿಪ್ರಾಯ ತೆರೆದು ತೋರಿಸಿದಳು. ಎರಡು ಸಾಲು ಓದುವಷ್ಟರಲ್ಲಿ ಅವರು ಹಣೆಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ, ಇದು ನನ್ನ ಹಳೇ ಶಿಷ್ಯ ಗಾರ್ತ್‌ದು! ಎಲ್ಲರಿಗೂ ಇದೇ ಬರೀತಾನೆ. ಫೋನ್ ಮಾಡಿ ಬೈದೂ ಆಯ್ತು, ಬಿಡಲ್ಲ ಪುಣ್ಯಾತ್ಮ."

ಆಗಲೂ ಅವಳಿಗೆ ನಂಬಿಕೆ ಬರಲಿಲ್ಲ. "ಹಾಗಾದ್ರೆ ನೀವು ಒಳಗಿದ್ದಿದ್ರೆ?" ಎಂದು ಓರೆಗಣ್ಣಿಂದ ನೋಡಿದಳು.

"ಸಂಪಾದನೇನೂ ಪುಸ್ತಕಾನೇ ಅಂತ ಅವರ ಹತ್ರ ಜಗಳ ಆಡಬೇಕು ಅಂತಲೇ ಕಣಮ್ಮ, ಈ ವರ್ಷದ ನಿವೃತ್ತೀನ ಮುಂದಕ್ಕೆ ಹಾಕಿದ್ದೆ."

ತನ್ನ ಜಾಣತನ ನೆನೆದು ಲೋರ್ನಾಗೆ ಹೇಸಿಗೆಯಾಯಿತು. ಕಡಿಮೆ ಬಿದ್ದ ಆ ಒಂದು ಮತವನ್ನು ಅವಳೇ ಸಭೆಯಿಂದ ಹೊರಗಿಟ್ಟಿದ್ದಳು.